ಕೇಳಿ ಕೊಡಿ, ಬರೆದು ಕೊಡಿ!

ಕಾರ್ಮಿಕ ಬಂಧುಗಳೆ,

ಪುಣೆಯಿಂದ ಲೋಣಾವಳೆಯ ಕಡೆಗೆ ಹೋಗುವ ಲೋಕಲ್ ಗಾಡಿಯಲ್ಲಿ ಕುಳಿತವರಿಗೆಲ್ಲ ಪಿಂಪ್ರಿ ಸ್ಟೇಷನ್ನು ಗೊತ್ತು. ಆ ಪಿಂಪ್ರಿಯಲ್ಲಿ ೧೯೫೪ರಲ್ಲಿ ಭಾರತ ಸರ್ಕಾರವು ಹಿಂದೂಸ್ತಾನ್ ಆ್ಯಂಟಿಬಯಾಟಿಕ್ಸ್ ಎಂಬ ಕಾರ್ಖಾನೆಯನ್ನು ಸ್ಥಾಪಿಸಿತು. ವಿಶ್ವ ಆರೋಗ್ಯ ಸಂಸ್ಥೆಯೂ ಯುನಿಸೆಫ್ ಸಂಸ್ಥೆಯೂ ನೆರವು ಕೊಟ್ಟವು. ೧೯೫೫ರಲ್ಲಿ ಅಲ್ಲಿ ಪೆನಿಸಿಲಿನ್ ತಯಾರಾಗತೊಡಗಿತು. ಸ್ವತಂತ್ರ ಭಾರತದ ಸರ್ಕಾರವು ತನ್ನ ಹಣದಿಂದ ಕಟ್ಟಿದ ಮೊದಲ ಔಷಧ ಕಾರ್ಖಾನೆ ಅದು. ನಮ್ಮ ಮೈಸೂರು ಸೀಮೆಯ ವಿಜ್ಞಾನಿ ಎಂ. ಜೆ. ತಿರುಮಲಾಚಾರ್ಯರು ಅಲ್ಲಿನ ಸಂಶೋಧನೆಯ ಮುಖ್ಯಸ್ಥರಾಗಿದ್ದು ಹ್ಯಾಮೈಸಿನ್ ಎಂಬ ಹೊಸ ಔಷಧವನ್ನೇ ಕಂಡುಹಿಡಿದರು. ಸಾಹುಕಾರನ ಮಗನಿಗೆ ಸಿಗುವ ಮದ್ದು ಕೂಲಿಯವನ ಮಗನಿಗೂ ಸಿಗಲಿ ಎಂಬುದೇ ಆ ಕಾರ್ಖಾನೆಯ ಉದ್ದೇಶವಾಗಿತ್ತು. ಮುಂದೆ ಅದು ನಷ್ಟಕ್ಕೆ ಸಿಕ್ಕಿತು. ಆ ಕತೆ ಬೇರೆ.

ಇದು ಹಳೆಯ ಹೆಮ್ಮೆ. ಇನ್ನು ಈಗಿನ ನಾಚಿಕೆಯನ್ನು ಕೇಳಿರಿ. ಪೆನಿಸಿಲಿನ್ ತಯಾರಿಸಿ ದೇಶಕ್ಕೆ ಹಂಚಿದ ಇದೇ ಊರಿನಲ್ಲಿ, ಎಪ್ಪತ್ತು ವರ್ಷ ಕಳೆದ ಮೇಲೂ, ಹೋಟೆಲಿನಲ್ಲಿ ದುಡಿಯುವವನಿಗೆ ತಾನು ನುಂಗಿದ ಮಾತ್ರೆಯ ಹೆಸರು ಗೊತ್ತಿಲ್ಲ. ಕೊಡುವವನು ಕೇಳುವುದಿಲ್ಲ, ಕೊಟ್ಟವನು ಹೇಳುವುದಿಲ್ಲ, ಬರೆಯುವವನು ವಿಚಾರಿಸದೆ ಬರೆಯುತ್ತಾನೆ. ಇದರಿಂದ ನಮ್ಮವರು ಒಂದು ಕಡೆ ಪ್ರಾಣಕ್ಕೆ ಎರವಾಗುತ್ತಾರೆ, ಇನ್ನೊಂದು ಕಡೆ ಹಣಕ್ಕೆ ಎರವಾಗುತ್ತಾರೆ.

ನಾನು ಡಾಕ್ಟರನಲ್ಲ. ಏಳನೆಯ ತರಗತಿ ಮುಗಿಸಿ ಕುಂದಾಪುರ ತಾಲೂಕಿನಿಂದ ಬಸ್ಸು ಹತ್ತಿ ಬಂದು, ಈ ಊರಿನ ಹೋಟೆಲಿನಲ್ಲಿ ಲೋಟ ತೊಳೆದು, ಮೇಜು ಒರಸಿ, ಸಪ್ಲಾಯರ್ ಆಗಿ, ಆಮೇಲೆ ಸಂಘದ ಕೆಲಸಕ್ಕೆ ಬಂದವನು. ನನಗೆ ತಿಳಿದದ್ದು ನನ್ನ ಮೈಮೇಲೆ ನಡೆದದ್ದು, ನನ್ನ ಗೆಳೆಯನ ಮೈಮೇಲೆ ನಡೆದದ್ದು, ಮತ್ತು ಆ ಬಳಿಕ ತಿಳಿದವರ ಬಾಗಿಲಿಗೆ ಹೋಗಿ ಕೇಳಿ ಕಲಿತದ್ದು.

ಮೊದಲು ಗೆಳೆಯನ ಸಂಗತಿ. ಅವನು ದೋಸೆ ಕಾವಲಿಯ ಮುಂದೆ ನಿಲ್ಲುವವನು, ಬೈಂದೂರು ಕಡೆಯವ. ಊರಲ್ಲಿದ್ದಾಗ ಪೆನಿಸಿಲಿನ್ ಸೂಜಿ ಹಾಕಿಸಿಕೊಂಡು ಹತ್ತೇ ನಿಮಿಷದಲ್ಲಿ ಮೈಯೆಲ್ಲ ದದ್ದೆದ್ದು, ಉಸಿರು ಕಟ್ಟಿ, ಕಣ್ಣು ಕತ್ತಲೆಗಟ್ಟಿ, ಸತ್ತು ಬದುಕಿದವ. 'ನನಗೆ ಪೆನಿಸಿಲಿನ್ ಆಗೂದಿಲ್ಲ' ಎಂಬ ಮಾತನ್ನು ಮನೆದೇವರ ಹೆಸರಿನಂತೆ ನೆನಪಿಟ್ಟುಕೊಂಡಿದ್ದ. ಒಂದು ರಾತ್ರಿ ಹೋಟೆಲು ಮುಚ್ಚುವ ಹೊತ್ತಿಗೆ ಹಲ್ಲುನೋವು ತಡೆಯಲಾರದೆ ಔಷಧದ ಅಂಗಡಿಗೆ ಹೋದ. ಡಾಕ್ಟರರ ಬಳಿಗೆ ಯಾಕೆ ಹೋಗಲಿಲ್ಲ ಎಂದು ಕೇಳಬೇಡಿ. ರಾತ್ರಿ ಹನ್ನೊಂದಕ್ಕೆ ಯಾವ ಡಾಕ್ಟರರು ಕಾದಿರುತ್ತಾರೆ? ಹಗಲು ಹೋದರೆ ಆ ದಿನದ ಸಂಬಳ ಯಾರು ಕೊಡುತ್ತಾರೆ? ತನಗೆ ಬಂದ ಹರಕುಮುರುಕು ಹಿಂದಿಯಲ್ಲಿ ಅಂಗಡಿಯವನನ್ನು ಕೇಳಿದ: 'ಇದು ಪೆನಿಸಿಲಿನ್ ಅಲ್ಲವಷ್ಟೆ?' ಅಂಗಡಿಯವನು, 'ಛೆ, ಪೆನಿಸಿಲಿನ್ ಈಗ ಯಾರು ಕೊಡುತ್ತಾರೆ? ಇದು ಒಳ್ಳೆಯ ಕಂಪನಿಯ ಮಾತ್ರೆ' ಎಂದು ಪಟ್ಟಿ ಕತ್ತರಿಸಿ ಕೊಟ್ಟ.

ಕೋಣೆಗೆ ಬಂದು ನುಂಗಿದ. ಹದಿನೈದು ನಿಮಿಷ ಆಗಿರಲಿಲ್ಲ, ತುಟಿ ಊದಿತು, ಗಂಟಲು ಬಿಗಿಯಿತು, ಮಾತು ನಿಂತಿತು. ನಾವು ನಾಲ್ವರು ಎತ್ತಿ ರಿಕ್ಷಾಕ್ಕೆ ಹಾಕಿದೆವು. ಆಸ್ಪತ್ರೆಯಲ್ಲಿ ಪಾಳಿಯಲ್ಲಿದ್ದ ಎಳೆಯ ವಯಸ್ಸಿನ ಡಾಕ್ಟರಮ್ಮ ಒಂದು ಮಾತೂ ಆಡದೆ ಮೊದಲು ತೊಡೆಗೆ ಅಡ್ರಿನಲಿನ್ ಸೂಜಿ ಚುಚ್ಚಿದರು. ಅದರಿಂದ ಬದುಕಿದ. ಮಾರನೆಯ ದಿನ ಆ ಮಾತ್ರೆಯ ಪಟ್ಟಿಯನ್ನು ಬೆಳಕಿಗೆ ಹಿಡಿದು ಓದಿಸಿದೆವು. ಎದ್ದು ಕಾಣುವಂತೆ ಕಂಪನಿಯ ಹೆಸರು. ಅದರ ಪಕ್ಕ, ಕಣ್ಣು ಕಿರಿದು ಮಾಡಿದರೆ ಮಾತ್ರ ಕಾಣುವಂತೆ, ಅಮಾಕ್ಸಿಸಿಲಿನ್. ಅದು ಪೆನಿಸಿಲಿನ್ನಿನ ಒಡಹುಟ್ಟು! ಗೆಳೆಯನು ಕೇಳಬೇಕಾದುದನ್ನು ಕೇಳಿದ್ದ. ಉತ್ತರ ಹೇಳಬೇಕಾದವನಿಗೆ ತಾನು ಮಾರುವುದು ಏನೆಂದು ಗೊತ್ತಿರಲಿಲ್ಲ, ಅಥವಾ ಗೊತ್ತುಮಾಡಿಕೊಳ್ಳುವ ತಾಳ್ಮೆ ಇರಲಿಲ್ಲ.

ಇನ್ನು ನನ್ನ ಸಂಗತಿ. ಇದು ಅದಕ್ಕೆ ತೀರ ವಿರುದ್ಧವಾದದ್ದು. ಹದಿನೈದರ ವಯಸ್ಸಿನಲ್ಲಿ ಜ್ವರ ಬಂದು ಗಂಟಲು ಬಾತುಕೊಂಡಾಗ ಒಂದು ದವಾಖಾನೆಯಲ್ಲಿ ಮಾತ್ರೆ ಕೊಟ್ಟರು. ಮೂರನೆಯ ದಿನ ಎದೆ ಬೆನ್ನಿನ ಮೇಲೆ ಕೆಂಪು ಚುಕ್ಕೆಗಳು ಎದ್ದವು. ತುರಿಕೆ ಅಷ್ಟಾಗಿ ಇಲ್ಲ, ಉಸಿರಿಗೆ ತೊಂದರೆ ಇಲ್ಲ, ವಾರದೊಳಗೆ ತಾವಾಗಿ ಮಾಯವಾದವು. ಆದರೆ ನನ್ನ ಚೀಟಿಯ ಮೇಲೆ ಕೆಂಪು ಶಾಯಿಯಲ್ಲಿ 'ಪೆನಿಸಿಲಿನ್ ಅಲರ್ಜಿ' ಎಂದು ಬರೆದರು. ಆ ಒಂದು ಸಾಲು ಹದಿನೈದು ವರ್ಷ ನನ್ನ ಬೆನ್ನು ಬಿಡಲಿಲ್ಲ. ಮುಂದೆ ಕೈಗೆ ಕಾದ ಎಣ್ಣೆ ಬಿದ್ದು ಕೀವಾದಾಗ, ಅಗ್ಗದ ಮಾತ್ರೆಯಲ್ಲಿ ವಾಸಿಯಾಗಬಹುದಾದ ಹುಣ್ಣಿಗೆ, ಆ ಸಾಲಿನ ದೆಸೆಯಿಂದ, ರಕ್ತನಾಳಕ್ಕೆ ಏರಿಸುವ ದುಬಾರಿ ಮದ್ದು ಹಾಕಿದರು. ಆರು ದಿನ ಹಾಸಿಗೆ, ಆರು ದಿನದ ಸಂಬಳ ಖೋತಾ, ಊರಿಗೆ ಕಳುಹಿಸಬೇಕಾದ ಹಣ ಆಸ್ಪತ್ರೆಯ ಗಲ್ಲೆಗೆ.

ಕೊನೆಗೆ ಒಬ್ಬ ಹಿರಿಯ ಡಾಕ್ಟರರು ನನ್ನನ್ನು ಎದುರಿಗೆ ಕೂಡಿಸಿಕೊಂಡು ಕೇಳಿದರು. ಯಾವ ಮಾತ್ರೆ? ಎಷ್ಟು ವರ್ಷವಾಯಿತು? ನುಂಗಿದ ಎಷ್ಟು ಹೊತ್ತಿಗೆ ಚುಕ್ಕೆ ಎದ್ದವು? ತುಟಿ ಊದಿತೆ, ಉಸಿರು ಕಟ್ಟಿತೆ, ಚರ್ಮ ಸುಲಿಯಿತೆ, ಬಾಯಲ್ಲಿ ಹುಣ್ಣಾಯಿತೆ? ಅದಕ್ಕೆ ಚಿಕಿತ್ಸೆ ಬೇಕಾಯಿತೆ? ಎಲ್ಲ ಕೇಳಿ ಬರೆದುಕೊಂಡು, ಆಸ್ಪತ್ರೆಯಲ್ಲೇ ತಮ್ಮ ಕಣ್ಣೆದುರಿಗೆ, ಅಡ್ರಿನಲಿನ್ ಸಿದ್ಧವಾಗಿಟ್ಟುಕೊಂಡು, ಮೊದಲು ಸ್ವಲ್ಪ, ಆಮೇಲೆ ಪೂರ್ತಿ ಮಾತ್ರೆ ಕೊಟ್ಟು ಕಾದು ನೋಡಿದರು. ಏನೂ ಆಗಲಿಲ್ಲ. 'ಆ ಚುಕ್ಕೆಗಳು ಜ್ವರದವು, ಮದ್ದಿನವಲ್ಲ' ಎಂದು ಹೇಳಿ ಕೆಂಪು ಸಾಲನ್ನು ಹೊಡೆದುಹಾಕಿ ಸಹಿ ಮಾಡಿದರು. ಹದಿನೈದು ವರ್ಷದ ಸುಳ್ಳು ಒಂದು ಬೆಳಗಿನಲ್ಲಿ ಹೋಯಿತು!

ನೋಡಿದಿರಾ ಬಂಧುಗಳೆ? ನಿಜವಾಗಿ ಆಗದವನ ಮಾತಿಗೆ ಬೆಲೆಯಿಲ್ಲ. ಆಗುವವನ ಹಣೆಯ ಮೇಲೆ ಆಗದು ಎಂಬ ಬರಹ. ಎರಡೂ ಅನ್ಯಾಯಗಳ ಬೇರು ಒಂದೇ: ಕಾರ್ಮಿಕನನ್ನು ಕೂಡಿಸಿ ಐದು ನಿಮಿಷ ವಿಚಾರಿಸುವಷ್ಟು ಅವನಿಗೆ ಬೆಲೆ ಕೊಡದಿರುವುದು.

'ಇರಲಿ ಬಿಡಯ್ಯ, ಬೇಡವೆಂದು ಬರೆದಿಟ್ಟರೆ ಏನು ನಷ್ಟ? ಎಚ್ಚರ ಒಳ್ಳೆಯದಲ್ಲವೆ?' ಎಂದು ಕೆಲವು ತಿಳಿದವರೇ ಹೇಳುತ್ತಾರೆ. ಇದು ಎಚ್ಚರವಲ್ಲ, ಸೋಮಾರಿತನ. ಅಮೆರಿಕದಲ್ಲಿ ಲೆಕ್ಕ ಹಾಕಿದ್ದಾರೆ: ೧೦ ರೋಗಿಗಳಲ್ಲಿ ಸುಮಾರು ಒಬ್ಬನು ತನಗೆ ಪೆನಿಸಿಲಿನ್ ಆಗದು ಎನ್ನುತ್ತಾನೆ; ಹಾಗೆನ್ನುವವರನ್ನು ಸರಿಯಾಗಿ ಪರೀಕ್ಷಿಸಿದರೆ ೧೦೦ರಲ್ಲಿ ೯೦ಕ್ಕೂ ಹೆಚ್ಚು ಜನರಿಗೆ ಅದು ಆಗುತ್ತದೆ. ನಿಜವಾಗಿಯೇ ತೀವ್ರವಾದ ಅಲರ್ಜಿ ಇದ್ದವರಲ್ಲೂ ೧೦ ವರ್ಷ ಆ ಮದ್ದಿನಿಂದ ದೂರವಿದ್ದರೆ ೧೦೦ರಲ್ಲಿ ಸುಮಾರು ೮೦ ಜನರಿಗೆ ಅದು ಹೋಗಿರುತ್ತದೆ. ಬ್ರಿಟನ್ನಿನ ರೋಗಿಗಳ ದಾಖಲೆಗಳನ್ನು ಶೋಧಿಸಿ ೨೦೧೮ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಈ ಹಣೆಬರಹ ಹೊತ್ತವರಿಗೆ ಸಾಮಾನ್ಯ ಮದ್ದಿಗೆ ಬಗ್ಗದ ಒಂದು ಜಾತಿಯ ಕೀವಿನ ರೋಗಾಣು ತಗಲುವ ಸಂಭವ ಶೇಕಡಾ ೬೯ರಷ್ಟು ಹೆಚ್ಚು. ಏಕೆ? ಸರಳವಾದ ಒಳ್ಳೆಯ ಮದ್ದನ್ನು ಬಿಟ್ಟು, ಕಂಡ ರೋಗಾಣುಗಳನ್ನೆಲ್ಲ ಹೊಡೆಯುವ ದೊಡ್ಡ ಮದ್ದುಗಳನ್ನು ಅವರಿಗೆ ಮತ್ತೆ ಮತ್ತೆ ಕೊಡುವುದರಿಂದ. ಸೊಳ್ಳೆಗೆ ಕೊಡಲಿ ಎತ್ತಿದರೆ ಸೊಳ್ಳೆ ಸಾಯುವುದಿಲ್ಲ, ಗೋಡೆ ಬೀಳುತ್ತದೆ.

ಹೋಟೆಲಿನ ಮಾಳಿಗೆಯ ಮೇಲೆ ಒಬ್ಬನ ಕಾಲಿಗೆ ಇನ್ನೊಬ್ಬನ ತಲೆ ತಾಗುವಂತೆ ಮಲಗುವ ನಮ್ಮ ಹುಡುಗರನ್ನು ನೆನೆಯಿರಿ. ಒಬ್ಬನ ಗಂಟಲು ನೋವು ಎಲ್ಲರಿಗೂ ಹರಡುತ್ತದೆ. ಒಂದು ಜಾತಿಯ ಗಂಟಲು ರೋಗಾಣುವನ್ನು ಹಾಗೆಯೇ ಬಿಟ್ಟರೆ ಕೀಲುಜ್ವರ ಬರಬಹುದು. ಕೀಲುಜ್ವರವು ಕೀಲನ್ನು ನೆಕ್ಕಿ ಹೃದಯವನ್ನು ಕಚ್ಚುತ್ತದೆ. ಹಾಗೆ ಹೃದಯದ ಕವಾಟ ಕೆಟ್ಟ ಹುಡುಗನಿಗೆ ಮೂರು ನಾಲ್ಕು ವಾರಕ್ಕೊಮ್ಮೆ, ವರ್ಷಾನುಗಟ್ಟಲೆ, ಬೆಂಜಾಥೀನ್ ಪೆನಿಸಿಲಿನ್ ಸೂಜಿಯೇ ರಕ್ಷೆ. ಅದಕ್ಕೆ ಸಮನಾದ ಬದಲಿ ಇಲ್ಲ. ಅಂಥವನಿಗೆ ವಿಚಾರಿಸದೆ 'ಆಗದು' ಎಂದು ಬರೆದುಬಿಟ್ಟರೆ ಅದೇನು ಕಾಗದದ ಮೇಲಿನ ಬರಿಯ ಶಾಯಿಯೆ? ಇಕ್ಕಟ್ಟಿನಲ್ಲಿ ಮಲಗಿಸಿ ರೋಗ ಕೊಟ್ಟವರು ಒಬ್ಬರು, ಅದರ ಮದ್ದನ್ನು ಕಿತ್ತುಕೊಂಡವರು ಇನ್ನೊಬ್ಬರು!

ಹಾಗಾದರೆ ನಿಜವಾಗಿ ಆಗದವನಿಗೆ ಯಾವ ಮದ್ದು? ಆರಿಸುವುದು ಡಾಕ್ಟರರ ಕೆಲಸ. ಆದರೆ ಹೆಸರುಗಳನ್ನು ತಿಳಿದಿರುವುದು ನಮ್ಮ ಕೆಲಸ. ಅಮಾಕ್ಸಿಸಿಲಿನ್, ಆಂಪಿಸಿಲಿನ್, ಕ್ಲಾಕ್ಸಾಸಿಲಿನ್, ಪೈಪರಾಸಿಲಿನ್ ಹೀಗೆ 'ಸಿಲಿನ್' ಎಂದು ಮುಗಿಯುವುದೆಲ್ಲ ಪೆನಿಸಿಲಿನ್ ಮನೆತನ. ಅಂಗಡಿಯಲ್ಲಿ ಆಗ್ಮೆಂಟಿನ್ ಎಂದರೂ ಮಾಕ್ಸ್ ಎಂದರೂ ಒಳಗಿರುವುದು ಅಮಾಕ್ಸಿಸಿಲಿನ್ನೇ. 'ಸೆಫ್' ಎಂದು ಆರಂಭವಾಗುವವು ದಾಯಾದಿಗಳು. ಪೆನಿಸಿಲಿನ್ ಆಗದ ೧೦೦ ಜನರಲ್ಲಿ ೧೦ ಜನಕ್ಕೆ ಇವೂ ಆಗವು ಎಂದು ಹಳೆಯ ಪುಸ್ತಕಗಳು ಹೆದರಿಸುತ್ತಿದ್ದವು. ಈಗ ತಿಳಿದಿರುವ ಲೆಕ್ಕ ಸುಮಾರು ಇಬ್ಬರು ಮಾತ್ರ. ಅದರಲ್ಲೂ ಎಲ್ಲ 'ಸೆಫ್' ಒಂದೇ ಅಲ್ಲ. ಸೆಫಲೆಕ್ಸಿನ್ ಎಂಬುದರ ಒಂದು ಕೊಂಬೆ ಆಂಪಿಸಿಲಿನ್ನಿನ ಕೊಂಬೆಯಂತೆಯೇ ಇದೆ, ಅಮಾಕ್ಸಿಸಿಲಿನ್ನಿನದನ್ನೂ ಬಹಳ ಹೋಲುತ್ತದೆ. ಆದುದರಿಂದ ಈ ಎರಡು ಆಗದವನಿಗೆ ಅದನ್ನು ಕೊಡುವ ಮುನ್ನ ಎಚ್ಚರ ಬೇಕು. ಶಸ್ತ್ರಕ್ರಿಯೆಗೆ ಮುನ್ನ ಕೊಡುವ ಸೆಫಜೋಲಿನ್ನಿನ ಕೊಂಬೆ ಯಾವುದನ್ನೂ ಹೋಲುವುದಿಲ್ಲ. ಅದು ಬಹುಮಟ್ಟಿಗೆ ನಿರ್ಭಯ. ಅಜಿಥ್ರೊಮೈಸಿನ್, ಡಾಕ್ಸಿಸೈಕ್ಲಿನ್, ಕ್ಲಿಂಡಾಮೈಸಿನ್ ಇವು ಬೇರೆಯೇ ಕುಲದವು. ಪೆನಿಸಿಲಿನ್ ಆಗದವನಿಗೆ ಆ ಕಾರಣಕ್ಕಾಗಿ ಇವುಗಳ ಭಯವಿಲ್ಲ.

ಆದರೆ ಬೇರೆ ಕುಲದ್ದೆಂದ ಮಾತ್ರಕ್ಕೆ ಎಲ್ಲ ರೋಗಕ್ಕೂ ಆದೀತೆಂದು ತಿಳಿಯಬೇಡಿ. ಗಂಟಲಿಗೆ ಒಂದು, ಚರ್ಮದ ಕೀವಿಗೆ ಒಂದು, ಮೂತ್ರದ ಉರಿಗೆ ಇನ್ನೊಂದು. ಬಸುರಿ ಹೆಂಗಸರಿಗೆ ಡಾಕ್ಸಿಸೈಕ್ಲಿನ್ ಸಾಮಾನ್ಯವಾಗಿ ಸಲ್ಲದು. ಬಸುರಿಗೆ ಮೇಹರೋಗವಿದ್ದರೆ ಹೊಟ್ಟೆಯ ಕೂಸನ್ನು ಉಳಿಸುವ ಮದ್ದು ಪೆನಿಸಿಲಿನ್ ಒಂದೇ. ಆಗದಿದ್ದರೂ ಆಸ್ಪತ್ರೆಯಲ್ಲಿ ಕಾಳಿನಷ್ಟು ಕಾಳಿನಷ್ಟಾಗಿ ಏರಿಸಿ ಮೈಯನ್ನು ಒಗ್ಗಿಸಿ ಅದನ್ನೇ ಕೊಡುತ್ತಾರೆ.

ನನ್ನ ಕತೆ ಓದಿ ಯಾರೂ ಕೋಣೆಯಲ್ಲಿ ಕೂತು 'ನೋಡಿಯೇ ಬಿಡೋಣ' ಎಂದು ಮಾತ್ರೆ ನುಂಗಬೇಡಿ! ಕೈಮುಗಿದು ಹೇಳುತ್ತೇನೆ. ಅಪಾಯ ಕಡಿಮೆ ಎಂದು ಡಾಕ್ಟರರು ವಿಚಾರಿಸಿ ಆರಿಸಿದವರಿಗೆ ಮಾತ್ರ ಆ ಪರೀಕ್ಷೆ. ೨೦೨೩ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಹಾಗೆ ಆರಿಸಿದ ೩೮೨ ಜನರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಮೊದಲು ಚರ್ಮದ ಪರೀಕ್ಷೆ ಮಾಡಿದರು, ಇನ್ನೊಂದಕ್ಕೆ ನೇರವಾಗಿ ಮಾತ್ರೆ ಕೊಟ್ಟರು. ಎರಡರಲ್ಲೂ ಮದ್ದು ಆಗದೆ ಹೋದದ್ದು ಒಬ್ಬೊಬ್ಬರಿಗೆ ಮಾತ್ರ. ಅದು ನಡೆದದ್ದು ಆಸ್ಪತ್ರೆಯಲ್ಲಿ, ಮಾಳಿಗೆಯ ಮೇಲಲ್ಲ. ಹಿಂದೆ ಉಸಿರು ಕಟ್ಟಿದವನು, ಗಂಟಲು ಊದಿದವನು ತಜ್ಞರ ಬಳಿಗೇ ಹೋಗಬೇಕು. ಮದ್ದಿನಿಂದ ಚರ್ಮ ಸುಲಿದು ಬಾಯಿ ಕಣ್ಣು ಹುಣ್ಣಾದವನಂತೂ ಆ ಮದ್ದನ್ನು ಜನ್ಮದಲ್ಲಿ ಮತ್ತೆ ಮುಟ್ಟಕೂಡದು.

ಮದ್ದು ತೆಗೆದುಕೊಂಡ ಕೂಡಲೆ ಯಾರಿಗಾದರೂ ತುಟಿ ನಾಲಿಗೆ ಊದಿ, ಉಸಿರು ಕಟ್ಟಿ, ತಲೆ ತಿರುಗಿದರೆ ನೀರು ಚಿಮುಕಿಸಿ ಗಾಳಿ ಬೀಸುತ್ತ ಕೂರಬೇಡಿ. ಮಲಗಿಸಿ, ಕಾಲು ಎತ್ತರಿಸಿ; ಮಲಗಿದರೆ ಉಸಿರಾಡಲಾರ ಎಂದಾದರೆ ಕೂಡಿಸಿ; ಎದ್ದು ನಡೆಸಬೇಡಿ. ೧೦೮ಕ್ಕೆ ಫೋನು ಮಾಡಿ. ಅವನಿಗೆ ಬೇಕಾದ ಮೊದಲ ಮದ್ದು ತೊಡೆಗೆ ಅಡ್ರಿನಲಿನ್. ತುರಿಕೆಯ ಸೂಜಿ ಕೊಟ್ಟು 'ಸ್ವಲ್ಪ ಹೊತ್ತು ನೋಡೋಣ' ಎನ್ನುವವರ ಹತ್ತಿರ ಹೊತ್ತು ಕಳೆದರೆ ಪ್ರಾಣ ಕಳೆದಂತೆ.

ಈಗ ನಮ್ಮ ತಪ್ಪನ್ನೂ ಹೇಳಬೇಕು; ಹೇಳದಿದ್ದರೆ ನಾನು ಸಂಘದವನಲ್ಲ, ಹೊಗಳುಭಟ್ಟ. ಎರಡು ಸೀನು ಬಂದರೆ 'ಡಾಕ್ಟರೇ, ಒಂದು ಸೂಜಿ ಹಾಕಿ, ನಾಳೆ ಡ್ಯೂಟಿ ಇದೆ' ಎಂದು ಕೈಚಾಚುವವರು ಯಾರು? ನಾವೇ. ಸೂಜಿ ಹಾಕದ ಡಾಕ್ಟರರನ್ನು ಕೈಲಾಗದವರು ಎನ್ನುವವರು ಯಾರು? ನಾವೇ. ನೆಗಡಿಗೆ ಯಾವ ಸಿಲಿನ್ನೂ ಬೇಕಿಲ್ಲ. ಪಕ್ಕದ ಹಾಸಿಗೆಯವನ ಉಳಿದ ಮಾತ್ರೆಯನ್ನು ಹಂಚಿಕೊಂಡು ತಿನ್ನುವುದು ಗೆಳೆತನವಲ್ಲ. ೨೦೧೬ರಿಂದ ಸರ್ಕಾರವೇ ಸಾರುತ್ತಿದೆ: ಪಟ್ಟಿಯ ಮೇಲೆ ಉದ್ದಕ್ಕೆ ಕೆಂಪು ಗೆರೆ ಇದ್ದರೆ ಅದು ಡಾಕ್ಟರರ ಚೀಟಿ ಇಲ್ಲದೆ ತೆಗೆದುಕೊಳ್ಳಬಾರದ ಮದ್ದು. ಓದು ಬಾರದವನಿಗೂ ಕೆಂಪು ಗೆರೆ ಕಾಣುತ್ತದಷ್ಟೆ?

ಆದರೆ 'ನಾಳೆ ಡ್ಯೂಟಿ ಇದೆ' ಎಂಬ ಮಾತು ನಮ್ಮ ಬಾಯಿಗೆ ಬಂದದ್ದು ಎಲ್ಲಿಂದ? ಒಂದು ದಿನ ಮಲಗಿದರೆ ಸಂಬಳ ಕತ್ತರಿಸುವ ಗಲ್ಲೆಯಿಂದ. ಆದುದರಿಂದ ಬೇಡಿಕೆಗಳನ್ನು ಒಟ್ಟಿಗೆ ಇಡುತ್ತೇನೆ.

ಒಂದು: ಡಾಕ್ಟರರೂ ದಾದಿಯರೂ ಅಂಗಡಿಯವರೂ ಮದ್ದು ಕೊಡುವ ಮುನ್ನ 'ಹಿಂದೆ ಯಾವ ಮದ್ದಾದರೂ ಆಗದೆ ಹೋಗಿತ್ತೆ? ಏನಾಯಿತು?' ಎಂದು ರೋಗಿಗೆ ತಿಳಿಯುವ ಭಾಷೆಯಲ್ಲಿ ಕೇಳಬೇಕು. ಭಾಷೆ ಬಾರದಿದ್ದರೆ ಬರುವವನನ್ನು ಕರೆಯಬೇಕು. ಸಂಘಕ್ಕೆ ಹೇಳಿ ಕಳುಹಿಸಿದರೆ ನಾವು ಬರುತ್ತೇವೆ.

ಎರಡು: ಕೊಟ್ಟ ಮದ್ದಿನ ಮೂಲ ಹೆಸರನ್ನು ಬಿಡಿಸಿ ಬರೆದುಕೊಡಬೇಕು. ಆಗದೆ ಹೋದರೆ ಮದ್ದಿನ ಹೆಸರು, ತಾರೀಖು, ಎಷ್ಟು ಹೊತ್ತಿಗೆ ಏನಾಯಿತು, ಏನು ಚಿಕಿತ್ಸೆ ಕೊಟ್ಟರು, ಇಷ್ಟನ್ನೂ ಬರೆಯಬೇಕು. 'ಅಲರ್ಜಿ' ಎಂಬ ಒಂಟಿ ಪದ ಬರೆದು ಕೈತೊಳೆದುಕೊಳ್ಳಕೂಡದು.

ಮೂರು: ಹಳೆಯ ಹಣೆಬರಹವನ್ನು ಪರೀಕ್ಷಿಸಿ ಅಳಿಸುವ ಅಥವಾ ಖಾತ್ರಿ ಮಾಡುವ ವ್ಯವಸ್ಥೆ ಬಿಬವೇವಾಡಿಯ ಇ.ಎಸ್.ಐ. ಆಸ್ಪತ್ರೆಯಂಥ ಕಡೆ, ವಾರಕ್ಕೆ ಒಂದು ದಿನವಾದರೂ, ನಿಗದಿಯಾಗಿ ಇರಬೇಕು. ಇ.ಎಸ್.ಐ. ಯಾರ ದಾನವೂ ಅಲ್ಲ. ನಮ್ಮ ಸಂಬಳದಲ್ಲಿ ನೂರಕ್ಕೆ ಮುಕ್ಕಾಲು ರೂಪಾಯಿ ಕಡಿತವಾಗುತ್ತದೆ, ಮಾಲಿಕರ ಪಾಲು ನೂರಕ್ಕೆ ಮೂರೂಕಾಲು.

ನಾಲ್ಕು: ಹೆಸರನ್ನು ಇ.ಎಸ್.ಐ.ಗೆ ಹಚ್ಚದೆ ಕಾರ್ಮಿಕರನ್ನು ಬಚ್ಚಿಡುವ ಮಾಲಿಕರು ಅದನ್ನು ನಿಲ್ಲಿಸಬೇಕು. ಪರೀಕ್ಷೆಯ ದಿನಕ್ಕೆ ಸಂಬಳ ಹಿಡಿಯಕೂಡದು. ನಿಮ್ಮ ಹೋಟೆಲಿನ ಫಿಲ್ಟರ್ ಕಾಫಿಗೆ ಡಿಕಾಕ್ಷನ್ ಯಾವುದೆಂದು ವಿಚಾರಿಸುತ್ತೀರಿ. ಅದನ್ನು ಇಳಿಸುವವನ ರಕ್ತಕ್ಕೆ ಏನು ಏರುತ್ತಿದೆ ಎಂದೂ ವಿಚಾರಿಸಿ.

ಐದು: ನಮಗೆ ನಾವೇ. ಸಂಘದ ಕಚೇರಿಯಲ್ಲಿ ಗಟ್ಟಿ ಕಾಗದದ ಚೀಟಿ ಸಿದ್ಧವಾಗಿದೆ. ಒಂದು ಬದಿ ಕನ್ನಡ, ಒಂದು ಬದಿ ಮರಾಠಿ. ನಿಮಗೆ ಆಗದ ಮದ್ದು ಯಾವುದು, ಎಂದು, ಏನಾಯಿತು ಎಂದು ಡಾಕ್ಟರರಿಂದ ತುಂಬಿಸಿ, ಕಾರ್ಡಿನೊಂದಿಗೆ ಜೇಬಿನಲ್ಲಿಡಿ. ಊರಿನ ಹೆಂಡತಿ ಮಕ್ಕಳಿಗೂ ಒಂದೊಂದು ಒಯ್ಯಿರಿ.

ಆ ದೋಸೆಯ ಗೆಳೆಯನು ಈಗಲೂ ಕಾವಲಿಯ ಮುಂದೆಯೇ ನಿಂತಿದ್ದಾನೆ. ಕೊರಳಿನ ತಾಯಿತದ ಜೊತೆಗೆ ಆ ಚೀಟಿಯನ್ನು ಪ್ಲಾಸ್ಟಿಕ್ಕಿನಲ್ಲಿ ಮಡಿಸಿ ಕಟ್ಟಿಕೊಂಡಿದ್ದಾನೆ. 'ತಾಯಿತ ದೇವರಿಗೆ ಗೊತ್ತಾಗಲಿಕ್ಕೆ, ಚೀಟಿ ಡಾಕ್ಟರಿಗೆ ಗೊತ್ತಾಗಲಿಕ್ಕೆ' ಎನ್ನುತ್ತಾನೆ. ಅಂಗಡಿಗೆ ಹೋದರೆ ಈಗ ಅವನು 'ಪೆನಿಸಿಲಿನ್ ಅಲ್ಲವಷ್ಟೆ?' ಎಂದು ಕೇಳುವುದಿಲ್ಲ. 'ಇದರ ಮೂಲ ಹೆಸರು ಓದಿ ಹೇಳಿ' ಎನ್ನುತ್ತಾನೆ. ಹೇಳದಿದ್ದರೆ ದುಡ್ಡು ಕೊಡದೆ ಇಳಿದು ಬರುತ್ತಾನೆ.

ಬಂಧುಗಳೆ, ನೀವೂ ಹಾಗೆಯೇ ಕೇಳಿರಿ. ಒಬ್ಬ ಕೇಳಿದರೆ ಗದರುತ್ತಾರೆ, ಹತ್ತು ಜನ ಕೇಳಿದರೆ ಗೊಣಗುತ್ತಾರೆ, ನೂರು ಜನ ಕೇಳಿದರೆ ಬರೆದುಕೊಡುತ್ತಾರೆ.

ಕೇಳಿ ಕೊಡಿ! ಬರೆದು ಕೊಡಿ!

— ಸಂಘದ ಒಬ್ಬ ಕಾರ್ಯಕರ್ತ